ಬಾಣಸಶಾಲೆಯ ವಿದ್ಯಾರ್ಥಿಯ ಉಡುಪೂ ಶುಚಿನಿಯಮಗಳೂ

೧

ಅಡುಗೆಯ ಮನೆಗೆ ಅಮರಸಿಂಹನು ತನ್ನ ಕೋಶದಲ್ಲಿ ರಸವತೀ, ಪಾಕಸ್ಥಾನ, ಮಹಾನಸ ಎಂಬ ಮೂರು ಹೆಸರುಗಳನ್ನು ಹೇಳಿ, ಅದರ ಅಧ್ಯಕ್ಷನಿಗೆ ಪೌರೋಗವನೆಂದೂ, ಅಡುಗೆಯವರಿಗೆ ಸೂಪಕಾರ, ಬಲ್ಲವ, ಆರಾಲಿಕ, ಆಂಧಸಿಕ, ಸೂದ, ಔದನಿಕ ಮುಂತಾಗಿಯೂ ಪರ್ಯಾಯಗಳನ್ನು ಕೊಟ್ಟಿದ್ದಾನೆ. ಇವುಗಳಲ್ಲಿ ಮಹಾನಸವೆಂಬುದೇ ಕನ್ನಡದಲ್ಲಿ ಬಾಣಸವೆಂದು ತದ್ಭವವಾಗಿ, ಅದರಿಂದ ಬಾಣಸಿಗನೆಂಬ ಪದವು ಹುಟ್ಟಿತು. ವಿರಾಟನ ಮನೆಯಲ್ಲಿ ಭೀಮಸೇನನು ತಾಳಿದ ಬಲ್ಲವನೆಂಬ ಹೆಸರು ಆತನು ಹಿಡಿದ ವೃತ್ತಿಯದೇ ಹೆಸರು. ಪದಸಂಪತ್ತಿಯಂತೆ ಗ್ರಂಥಸಂಪತ್ತಿಗೂ ಕೊರತೆಯಿಲ್ಲ. ೧೧ನೆಯ ಶತಮಾನದ ಎರಡನೆಯ ಚಾವುಂಡರಾಯನ ಲೋಕೋಪಕಾರ, ೧೨ನೆಯ ಶತಮಾನದ ಚಾಲುಕ್ಯ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸ, ೧೬ನೆಯ ಶತಮಾನದ ಮೂರನೆಯ ಮಂಗರಸನ ಸೂಪಶಾಸ್ತ್ರ, ಇವು ಮೂರೂ ಕನ್ನಡನಾಡಿನಲ್ಲಿ ಹುಟ್ಟಿ ಪಾಕವನ್ನು ಶಾಸ್ತ್ರವಿಷಯವೆಂದು ಎಣಿಸಿದ ಕೃತಿಗಳು.

ಆದರೆ ಬಾಣಸಿಗನು ಈ ವಿದ್ಯೆಯನ್ನು ಕಲಿತದ್ದು ಶಾಲೆಯಲ್ಲಲ್ಲ. ಮನೆಯಲ್ಲಿ ಹಿರಿಯರ ಬಳಿ, ದೇವಸ್ಥಾನದ ಪಾಕಶಾಲೆಯಲ್ಲಿ, ಮದುವೆ ಮುಂಜಿಗಳ ಸಮಾರಾಧನೆಗಳಲ್ಲಿ, ಅನಂತರ ಹೋಟೆಲುಗಳಲ್ಲಿ, ಕಂಡು ಮಾಡಿ ಕಲಿತದ್ದು. ಪಾಠಕ್ರಮ, ಪರೀಕ್ಷೆ, ಪದವಿಗಳಿಂದ ಕೂಡಿದ ಪಾಕಶಿಕ್ಷಣವು ಭಾರತದಲ್ಲಿ ೧೯೫೪ರಲ್ಲಿ ಮುಂಬಯಿಯಲ್ಲಿ ಸ್ಥಾಪಿತವಾದ ಸಂಸ್ಥೆಯಿಂದ ಮೊದಲಾಗಿ ಹಬ್ಬಿತು. ೧೯೮೨ರಲ್ಲಿ ಈ ಶಿಕ್ಷಣಕ್ಕಾಗಿ ರಾಷ್ಟ್ರೀಯ ಮಂಡಲಿಯೊಂದು ಏರ್ಪಟ್ಟಿತು. ಇಂದು ಕರ್ನಾಟಕದಲ್ಲಿಯೂ ಇಂತಹ ಶಾಲೆಗಳು ಅನೇಕವಾಗಿವೆ. ಇವುಗಳಲ್ಲಿ ಸೇರಿದ ವಿದ್ಯಾರ್ಥಿಗೆ ಪಾಕಕ್ಕಿಂತ ಮೊದಲು ಹೇಳಬೇಕಾದ ಪಾಠವೆಂದರೆ ಉಡುಪು, ಕೂದಲು, ಉಗುರು, ಕೈ ಇವುಗಳ ನಿಯಮ.

ಈ ಪಾಠವನ್ನು ಕನ್ನಡದಲ್ಲಿ ಹೇಳಹೊರಟಾಗ ಒಂದು ಶಬ್ದವು ತಾನಾಗಿಯೇ ನಾಲಗೆಗೆ ಬರುತ್ತದೆ: ಮಡಿ. “ಇದು ಹೊಸ ಕಾಲದ ಮಡಿ” ಎಂದುಬಿಟ್ಟರೆ ವಿದ್ಯಾರ್ಥಿಗೆ ಒಡನೆಯೇ ಅರ್ಥವಾಯಿತೆಂದು ತೋರುತ್ತದೆ. ಆದರೆ ಆದ ಅರ್ಥವು ಸರಿಯಾದ ಅರ್ಥವೇ ಎಂಬುದು ವಿಚಾರಾರ್ಹವಾಗಿದೆ. ಉಡುಪಿನ ಮತ್ತು ಶುಚಿತ್ವದ ನಿಯಮಗಳ ಕಾರಣಗಳನ್ನು ವಿವರಿಸಿ, ಮಡಿ ಮೊದಲಾದ ಮನೆಮಾತುಗಳು ಅವುಗಳಿಗೆ ಎಷ್ಟರಮಟ್ಟಿಗೆ ಹೊಂದುತ್ತವೆ, ಎಲ್ಲಿ ಹೊಂದುವುದಿಲ್ಲ ಎಂಬುದನ್ನು ನಿರ್ಣಯಿಸುವುದು ಈ ಲೇಖನದ ಉದ್ದೇಶ.

೨

ಅಡುಗೆಯವನ ದೇಹಕ್ಕೂ ಉಡುಪಿಗೂ ನಿಯಮವನ್ನು ವಿಧಿಸುವುದು ಪಶ್ಚಿಮದಿಂದ ಬಂದ ಹೊಸ ಪದ್ಧತಿಯೆಂಬ ಭಾವನೆಯುಂಟು. ಅದು ಸರಿಯಲ್ಲ. ಸುಶ್ರುತಸಂಹಿತೆಯ ಕಲ್ಪಸ್ಥಾನದ ಮೊದಲನೆಯ ಅಧ್ಯಾಯವು ರಾಜನ ಅನ್ನವನ್ನು ವಿಷದಿಂದ ಕಾಪಾಡುವ ಬಗೆಯನ್ನು ಹೇಳುತ್ತ ಮಹಾನಸದ ಲಕ್ಷಣವನ್ನು ವಿವರಿಸುತ್ತದೆ. ಪಾಕಗೃಹವು ಪ್ರಶಸ್ತವಾದ ದಿಕ್ಕಿನಲ್ಲಿ, ವಿಶಾಲವಾಗಿ, ಶುಚಿಯಾಗಿ ಇರಬೇಕು; ಪಾತ್ರೆಗಳು ಶುದ್ಧವಾಗಿರಬೇಕು; ಗವಾಕ್ಷಗಳೂ ಜಾಲಗಳೂ ಇರಬೇಕು; ಮೇಲೆ ವಿತಾನವನ್ನು, ಎಂದರೆ ಮೇಲ್ಕಟ್ಟನ್ನು, ಕಟ್ಟಿರಬೇಕು; ಒಳಗಿರುವ ಸ್ತ್ರೀಪುರುಷರೆಲ್ಲರೂ ಪರೀಕ್ಷಿತರಾಗಿರಬೇಕು. ಗಾಳಿ ಬೆಳಕಿಗೆ ಗವಾಕ್ಷ, ಕ್ರಿಮಿಕೀಟಗಳ ತಡೆಗೆ ಜಾಲ, ಧೂಳು ಕಾಡಿಗೆಗಳು ಬೀಳದಂತೆ ವಿತಾನ ಎಂದು ಇವುಗಳ ಪ್ರಯೋಜನವನ್ನು ಊಹಿಸುವುದು ಕಷ್ಟವಲ್ಲ.

ಇದಕ್ಕಿಂತ ಮುಖ್ಯವಾದದ್ದು ಪರಿಚಾರಕರ ಲಕ್ಷಣ. ಅವರು ಶುಚಿಗಳೂ ದಕ್ಷರೂ ವಿನೀತರೂ ಆಗಿರಬೇಕು, ಕೂದಲನ್ನೂ ಉಗುರನ್ನೂ ಕಿರಿದಾಗಿ ಕತ್ತರಿಸಿಕೊಂಡಿರಬೇಕು, ಸ್ನಾತರಾಗಿರಬೇಕು, ತಲೆಗೆ ಉಷ್ಣೀಷವನ್ನು ಸುತ್ತಿರಬೇಕು, ಮೇಲಧಿಕಾರಿಯ ಆಜ್ಞೆಗೆ ಒಳಪಟ್ಟಿರಬೇಕು. ಇಂದಿನ ಯಾವ ಬಾಣಸಶಾಲೆಯ ನಿಯಮಾವಳಿಯನ್ನು ತೆರೆದರೂ ಇದೇ ಐದಾರು ಅಂಶಗಳು ಮೊದಲ ಪುಟದಲ್ಲಿ ಕಾಣುವುವು.

ಇಲ್ಲಿ ಎರಡು ಸಂಗತಿಗಳನ್ನು ಮರೆಮಾಡದೆ ಹೇಳಬೇಕು. ಮೊದಲನೆಯದಾಗಿ, ಸಂಹಿತಾಕಾರನ ಭಯವು ಶತ್ರುವು ಇಕ್ಕುವ ವಿಷದ ಭಯ. ಕಣ್ಣಿಗೆ ಕಾಣದ ಜೀವಾಣುಗಳ ವಿಚಾರ ಅಲ್ಲಿಲ್ಲ. ಎರಡನೆಯದಾಗಿ, ಮಹಾನಸದಲ್ಲಿ ನಿಯಮಿಸಬೇಕಾದ ವೈದ್ಯನು ಕುಲೀನನಾಗಿರಬೇಕೆಂದು ಅದೇ ಅಧ್ಯಾಯವು ಹೇಳುತ್ತದೆ. ಆದರೂ ಒಲೆಯ ಮುಂದೆ ನಿಲ್ಲುವ ಪರಿಚಾರಕರ ಲಕ್ಷಣವನ್ನು ಹೇಳುವಾಗ ಎಣಿಸಿದ್ದು ಸ್ನಾನ, ಉಗುರು, ಕೂದಲು, ಶಿರೋವೇಷ್ಟನ, ದಕ್ಷತೆ, ವಿನಯಗಳನ್ನು. ಇವೆಲ್ಲವೂ ಯತ್ನದಿಂದ ಸಾಧ್ಯವಾಗುವುವು, ಕಣ್ಣಿನಿಂದ ಪರೀಕ್ಷಿಸಬಹುದಾದುವು. ಶಿಕ್ಷಣಕ್ಕೆ ಯೋಗ್ಯವಾದ ನಿಯಮದ ಲಕ್ಷಣವೂ ಇದೇ ಆಗಿದೆ.

೩

ಇಂದಿನ ಬಾಣಸಿಗನ ಉಡುಪು ರೂಪುಗೊಂಡದ್ದು ಫ್ರಾನ್ಸ್ ದೇಶದಲ್ಲಿ, ೧೯ನೆಯ ಶತಮಾನದಲ್ಲಿ. ಬಿಳಿಯ ಬಣ್ಣವನ್ನು ರೂಢಿಗೆ ತಂದ ಕೀರ್ತಿಯನ್ನು ಸಾಮಾನ್ಯವಾಗಿ ಮರಿ ಆಂತ್ವಾನ್ ಕರೇಮನಿಗೆ ಕೊಡುತ್ತಾರೆ. ಅದೇ ಶತಮಾನದ ಕೊನೆಯಲ್ಲಿ ಆಗುಸ್ತ್ ಎಸ್ಕೋಫಿಯೇ ಎಂಬವನು ದೊಡ್ಡ ಹೋಟೆಲುಗಳ ಪಾಕಶಾಲೆಗಳಿಗೆ ಸೇನೆಯಂತಹ ಕ್ರಮವನ್ನೂ ಶಿಸ್ತನ್ನೂ ತಂದನು. ಉಡುಪಿನ ಪ್ರತಿಯೊಂದು ಅಂಗಕ್ಕೂ ಕಾರಣವುಂಟು. ಕಾರಣವನ್ನು ಅರಿಯದೆ ತೊಟ್ಟವನಿಗೆ ಅದು ನಾಟಕದ ವೇಷದಂತಾಗುವುದು.

ಅಂಗಿಯು ದಪ್ಪವಾದ ಹತ್ತಿಯ ಬಟ್ಟೆಯದು. ಕೃತಕ ನೂಲಿನ ಬಟ್ಟೆ ಬೆಂಕಿಯ ಬಳಿ ಕರಗಿ ಚರ್ಮಕ್ಕೆ ಅಂಟಿಕೊಳ್ಳಬಹುದಾದ್ದರಿಂದ ಅದು ವರ್ಜ್ಯ. ಎದೆಯ ಮೇಲೆ ಬಟ್ಟೆಯು ಎರಡು ಪದರವಾಗಿ ಬರುತ್ತದೆ. ಸಿಡಿದ ಎಣ್ಣೆ, ಹಬೆ ಇವುಗಳಿಂದ ಇದು ರಕ್ಷಣೆ; ಒಂದು ಮಗ್ಗುಲು ಕಲೆಯಾದರೆ ಅದನ್ನು ಒಳಕ್ಕೆ ಮಾಡಿ ಇನ್ನೊಂದನ್ನು ಮೇಲೆ ತಂದು ಗುಂಡಿ ಹಾಕಿಕೊಳ್ಳಬಹುದು. ತೋಳು ಉದ್ದವಾಗಿರುವುದು ಸುಟ್ಟಗಾಯವನ್ನು ತಡೆಯುವುದಕ್ಕಾಗಿ. ಏಪ್ರನ್ ಎಂಬ ಮುಂದುಡುಗೆಯು ಸೊಂಟದಿಂದ ಮೊಣಕಾಲಿನ ಕೆಳಗೆ ಇಳಿಯುತ್ತದೆ. ಬಿಸಿಯಾದ ಪದಾರ್ಥ ಚೆಲ್ಲಿದೊಡನೆ ಬಿಚ್ಚಿ ಎಸೆಯಲು ಅನುಕೂಲವಾಗಿರಬೇಕು. ಪಾಕಶಾಲೆಯಿಂದ ಹೊರಕ್ಕೆ ಹೋಗುವಾಗ, ವಿಶೇಷವಾಗಿ ಶೌಚಗೃಹಕ್ಕೆ ಹೋಗುವಾಗ, ಅದನ್ನು ಕಳಚಿಟ್ಟು ಹೋಗಬೇಕು. ಟೋಪಿಯು ಕೂದಲು ಅನ್ನದಲ್ಲಿ ಬೀಳದಂತೆಯೂ ಕೈಯು ಕೂದಲಿಗೆ ಹೋಗದಂತೆಯೂ ತಡೆಯುತ್ತದೆ, ಹಣೆಯ ಬೆವರನ್ನೂ ಹೀರುತ್ತದೆ. ಅದರ ನೂರು ನೆರಿಗೆಗಳು ಮೊಟ್ಟೆಯ ನೂರು ಬಗೆಯ ಪಾಕವನ್ನು ಸೂಚಿಸುತ್ತವೆಂಬ ಮಾತು ಕಥೆಯಾಗಿ ಸೊಗಸಾದದ್ದೇ ಹೊರತು ಪ್ರಮಾಣಸಿದ್ಧವಲ್ಲ.

ಬಿಳಿಯ ಬಣ್ಣದ ವಿಷಯದಲ್ಲಿ ಒಂದು ಮಾತು. ಶುಚಿಶಬ್ದಕ್ಕೆ ಅಮರಕೋಶದಲ್ಲಿ ಅಗ್ನಿಯೆಂದೂ ಬಿಳುಪೆಂದೂ ಅರ್ಥವುಂಟು. ನಿರ್ಮಲವೆಂಬ ಅರ್ಥವು ಲೋಕಪ್ರಸಿದ್ಧವೇ ಆಗಿದೆ. ಹೀಗಾಗಿ ಬಿಳುಪೇ ನೈರ್ಮಲ್ಯವೆಂಬ ಭ್ರಮೆ ಸುಲಭವಾಗಿ ಹುಟ್ಟುತ್ತದೆ. ವಾಸ್ತವವಾಗಿ ಬಿಳಿಯ ಬಟ್ಟೆಯು ಕೊಳೆಯನ್ನು ತಡೆಯುವುದಿಲ್ಲ, ತೋರಿಸುತ್ತದೆ. ಕಪ್ಪು ಬಟ್ಟೆಯ ಮೇಲೆ ಮೂರು ದಿನದ ಜಿಡ್ಡು ಅಡಗಿರಬಹುದು. ಬಿಳಿಯ ಬಟ್ಟೆಯ ಮೇಲೆ ಒಂದು ಗಳಿಗೆಯ ಹನಿಯೂ ಅಡಗಲಾರದು. ಆದಕಾರಣ ಬಿಳುಪು ಇಲ್ಲಿ ಶುಚಿತ್ವಕ್ಕೆ ಸಾಕ್ಷಿಯೇ ಹೊರತು ಸಾಧನವಲ್ಲ.

ಕನ್ನಡನಾಡಿನ ಮನೆಗಳಿಂದ ಬಂದ ವಿದ್ಯಾರ್ಥಿಗೆ ಎಲ್ಲಕ್ಕಿಂತ ಹೆಚ್ಚು ಸಂಕೋಚವನ್ನುಂಟುಮಾಡುವುದು ಪಾದರಕ್ಷೆ. ಅಡುಗೆಯ ಮನೆಗೆ ಮೆಟ್ಟು ಹಾಕಿಕೊಂಡು ಹೋಗಬಾರದೆಂದು ಕೇಳಿ ಬೆಳೆದವನಿಗೆ ಇಲ್ಲಿ ಮುಚ್ಚಿದ, ಜಾರದ ಅಡಿಯುಳ್ಳ ಬೂಟುಗಳಿಲ್ಲದೆ ಪ್ರವೇಶವಿಲ್ಲ. ವಿಚಾರಿಸಿದರೆ ಇವೆರಡಕ್ಕೂ ವಿರೋಧವಿಲ್ಲ. ಬೀದಿಯ ಕೊಳೆ ಒಳಕ್ಕೆ ಬರಬಾರದೆಂಬುದು ಮನೆಯ ನಿಯಮದ ತಾತ್ಪರ್ಯ. ಶಾಲೆಯಲ್ಲಿಯೂ ಬೀದಿಯಲ್ಲಿ ಮೆಟ್ಟಿದ್ದನ್ನು ಒಳಗೆ ತರಕೂಡದು. ಪಾಕಶಾಲೆಗೆಂದೇ ಬೇರೆಯ ಜೋಡು ಇರಬೇಕು. ನೆಲದ ಮೇಲೆ ಕುಳಿತು ಒಂದು ಒಲೆಯ ಮುಂದೆ ಬೇಯಿಸುವವರಿಗೆ ಇಲ್ಲದ ಅಪಾಯಗಳು ಇಲ್ಲುಂಟು: ಕೈಜಾರಿದ ಚೂರಿ, ಚೆಲ್ಲಿದ ಎಣ್ಣೆ, ಇಪ್ಪತ್ತು ಜನ ಅವಸರದಿಂದ ಓಡಾಡುವ ಒದ್ದೆ ನೆಲ.

ಉಂಗುರ, ಬಳೆ, ಕೈಗಡಿಯಾರ, ಮಣಿಕಟ್ಟಿಗೆ ಕಟ್ಟಿದ ದಾರ ಇವುಗಳನ್ನು ತೆಗೆದಿಡಬೇಕೆಂಬ ನಿಯಮವೂ ಮನಸ್ಸಿಗೆ ತಾಗುವಂಥದು. ಉಂಗುರದ ಕೆಳಗಿನ ಚರ್ಮಕ್ಕೆ ಸಾಬೂನು ಮುಟ್ಟುವುದಿಲ್ಲ, ತೇವವೂ ಆರುವುದಿಲ್ಲ. ದಾರವು ಮಾಂಸದ ರಸವನ್ನೂ ಹಿಟ್ಟನ್ನೂ ಹೀರಿಕೊಂಡು ದಿನವೆಲ್ಲ ಹಸಿಯಾಗಿಯೇ ಇರುತ್ತದೆ. ಹರಕೆಯ ದಾರವನ್ನಾಗಲಿ ಸೌಭಾಗ್ಯದ ಬಳೆಯನ್ನಾಗಲಿ ಬರಿಯ ಆಜ್ಞೆಯಿಂದ ತೆಗೆಯಿಸಿದರೆ ಅವಮಾನವಾಗುವುದು. ಕಾರಣವನ್ನು ಹೇಳಿ ತೆಗೆಯಿಸಿದರೆ ಪಾಠವಾಗುವುದು. ಅಂಗಿಯೊಳಗೆ ಅಡಗಿ ಕೈಗೂ ಅನ್ನಕ್ಕೂ ತಗಲದಿರುವ ಮಾಂಗಲ್ಯವು ಈ ಕಾರಣಕ್ಕೆ ಒಳಪಡುವುದಿಲ್ಲವೆಂಬುದನ್ನೂ ವಿವೇಕಿಯಾದ ಅಧ್ಯಾಪಕನು ಒಪ್ಪುವನು.

೪

ಉಡುಪು ಹೊರಗಿನ ಕಾಪು. ನಿಜವಾದ ಶುಚಿತ್ವವು ಕೈಯಲ್ಲಿದೆ. ಭಾರತದ ಆಹಾರ ಸುರಕ್ಷತೆ ಮತ್ತು ಮಾನಕಗಳ ಅಧಿನಿಯಮವು ೨೦೦೬ರಲ್ಲಿ ಆಯಿತು. ಅದರ ಅಡಿಯಲ್ಲಿ ೨೦೧೧ರಲ್ಲಿ ಹೊರಟ ನಿಬಂಧನೆಗಳ ನಾಲ್ಕನೆಯ ಅನುಸೂಚಿಯು ಅನ್ನವನ್ನು ಮುಟ್ಟಿ ಕೆಲಸ ಮಾಡುವವರ ವಿಷಯದಲ್ಲಿ ವಿಧಿಗಳನ್ನು ಮಾಡಿದೆ. ವರ್ಷಕ್ಕೊಮ್ಮೆ ವೈದ್ಯಪರೀಕ್ಷೆಯಾಗಬೇಕು, ಕರುಳಿಗೆ ಸಂಬಂಧಿಸಿದ ಸಾಂಕ್ರಾಮಿಕ ರೋಗಗಳಿಗೆ ಲಸಿಕೆ ಹಾಕಿಸಿರಬೇಕು, ರೋಗಿಯಾದವನು ಅನ್ನವನ್ನು ಮುಟ್ಟಬಾರದು, ಕೆಲಸದ ಸ್ಥಳದಲ್ಲಿ ಉಗುಳುವುದು, ಹೊಗೆ ಸೇದುವುದು, ಅಡಕೆ ಹೊಗೆಸೊಪ್ಪು ಅಗಿಯುವುದು ಕೂಡದು. ಶಾಲೆಯು ಇವುಗಳಿಗೆ ತನ್ನ ಅಭ್ಯಾಸಕ್ರಮವನ್ನು ಸೇರಿಸುತ್ತದೆ. ಕೆಲಸಕ್ಕೆ ತೊಡಗುವ ಮೊದಲು, ಹಸಿಯ ಮಾಂಸ, ಮೀನು, ಮೊಟ್ಟೆಗಳನ್ನು ಮುಟ್ಟಿದ ಮೇಲೆ, ಮೂಗು, ಬಾಯಿ, ಕೂದಲುಗಳಿಗೆ ಕೈ ಹೋದ ಮೇಲೆ, ಕಸವನ್ನು ಎತ್ತಿದ ಮೇಲೆ, ಶೌಚಗೃಹದಿಂದ ಬಂದ ಮೇಲೆ, ಪ್ರತಿಯೊಂದು ಸಲವೂ ಸಾಬೂನಿನಿಂದ ಬೆರಳುಗಳ ಸಂದು, ಉಗುರುಗಳ ಕೆಳಗು, ಹೆಬ್ಬೆರಳಿನ ಬುಡ ಇವನ್ನು ಕಡಮೆಯೆಂದರೆ ೨೦ ಸೆಕೆಂಡುಗಳ ಕಾಲ ಉಜ್ಜಿ ತೊಳೆದು ಒರಸಿಕೊಳ್ಳಬೇಕು. ಕೈಗವಸು ಹಾಕಿದ ಮಾತ್ರಕ್ಕೆ ಇದರಿಂದ ಬಿಡುಗಡೆಯಿಲ್ಲ. ಕೊಳೆಯಾದ ಕೈಗವಸೂ ಕೊಳೆಯಾದ ಕೈಯೂ ಒಂದೇ. ಕೈಗೆ ಗಾಯವಾದರೆ ನೀಲಿ ಬಣ್ಣದ ಪಟ್ಟಿಯನ್ನು ಹಾಕುತ್ತಾರೆ. ನೀಲಿಯಾದ ಆಹಾರವು ಅಪೂರ್ವವಾದ್ದರಿಂದ ಪಟ್ಟಿ ಕಳಚಿ ಬಿದ್ದರೂ ಕಣ್ಣಿಗೆ ಬೀಳುತ್ತದೆ.

ಇಷ್ಟೊಂದು ಸಲ ತೊಳೆಯುವುದೇಕೆ? ಚೆನ್ನಾಗಿ ಬೇಯಿಸಿದರೆ ಅಗ್ನಿಯೇ ಎಲ್ಲವನ್ನೂ ಶುದ್ಧಮಾಡುವುದಲ್ಲವೇ ಎಂಬ ಆಕ್ಷೇಪವು ಬರಬಹುದು. ಅಗ್ನಿಗೆ ಪಾವಕನೆಂದು ಹೆಸರಿದ್ದರೂ ಅದರ ಶಕ್ತಿಗೂ ಒಂದು ಮೇರೆಯುಂಟು. ಸ್ಟೆಫಿಲೊಕಾಕಸ್ ಎಂಬ ಜೀವಾಣುವು ಆರೋಗ್ಯವಂತರಾದ ಜನರಲ್ಲಿಯೇ ಸುಮಾರು ಮೂವರಲ್ಲಿ ಒಬ್ಬರ ಮೂಗಿನಲ್ಲಿ ವಾಸಿಸುತ್ತದೆ. ಅದು ಕೈಯ ಮೂಲಕ ಅನ್ನಕ್ಕೆ ಬಂದು ಬೆಳೆದು ಒಂದು ಬಗೆಯ ವಿಷವನ್ನು ಬಿಟ್ಟರೆ, ಮತ್ತೆ ಕುದಿಸಿದಾಗ ಜೀವಾಣುವು ಸಾಯುವುದೇ ಹೊರತು ಆ ವಿಷವು ನಾಶವಾಗುವುದಿಲ್ಲ. ೫ರಿಂದ ೬೦ ಡಿಗ್ರಿ ಸೆಲ್ಸಿಯಸ್‌ವರೆಗಿನ ಉಷ್ಣತೆಯಲ್ಲಿ ಅನ್ನವನ್ನು ಹೆಚ್ಚು ಹೊತ್ತು ಇಡಬಾರದೆಂಬ ನಿಯಮವು ಇಂತಹ ಬೆಳವಣಿಗೆಯನ್ನು ತಡೆಯುವುದಕ್ಕಾಗಿಯೇ ಹುಟ್ಟಿದ್ದು.

ತನ್ನ ಕೈಯೇ ರೋಗಕ್ಕೆ ಮೂಲವಾಗಬಹುದೆಂಬುದನ್ನು ಮನುಷ್ಯನು ಸುಲಭವಾಗಿ ಒಪ್ಪುವುದಿಲ್ಲ. ೧೮೪೭ರಲ್ಲಿ ವಿಯೆನ್ನಾ ನಗರದ ಆಸ್ಪತ್ರೆಯಲ್ಲಿ ಸೆಮ್ಮೆಲ್‌ವೈಸ್ ಎಂಬ ವೈದ್ಯನು, ಶವಗಳನ್ನು ಕೊಯ್ದ ಕೈಗಳಿಂದ ವೈದ್ಯರು ಬಾಣಂತಿಯರನ್ನು ಮುಟ್ಟುವುದರಿಂದಲೇ ಅವರು ಜ್ವರದಿಂದ ಸಾಯುತ್ತಾರೆಂದು ಕಂಡು, ಸುಣ್ಣ ಮತ್ತು ಕ್ಲೋರಿನ್ ಸೇರಿದ ನೀರಿನಲ್ಲಿ ಕೈ ತೊಳೆಯುವ ವಿಧಿಯನ್ನು ತಂದನು. ಸಾವುಗಳು ಬಹಳ ಇಳಿದುವು. ಆದರೂ ಆತನ ಕಾಲದ ಪಂಡಿತರಲ್ಲಿ ಅನೇಕರು ಅದನ್ನು ಒಪ್ಪಲಿಲ್ಲ.

ಅಡುಗೆಯ ವಿಷಯದಲ್ಲಿ ಇದಕ್ಕೆ ನೇರವಾದ ನಿದರ್ಶನ ಮೇರಿ ಮ್ಯಾಲನ್ ಎಂಬಾಕೆಯ ಕಥೆ. ಐರ್ಲೆಂಡಿನಿಂದ ಅಮೆರಿಕಕ್ಕೆ ಹೋಗಿ ನ್ಯೂಯಾರ್ಕಿನ ಸಿರಿವಂತರ ಮನೆಗಳಲ್ಲಿ ಅಡುಗೆ ಮಾಡುತ್ತಿದ್ದ ಈಕೆ ಗಟ್ಟಿಮುಟ್ಟಾದ ಹೆಂಗಸು. ೧೯೦೬ರ ಬೇಸಗೆಯಲ್ಲಿ ಆಕೆ ಕೆಲಸಕ್ಕಿದ್ದ ಮನೆಯೊಂದರಲ್ಲಿ ಹನ್ನೊಂದು ಜನರಲ್ಲಿ ಆರು ಮಂದಿಗೆ ವಿಷಮಶೀತಜ್ವರ ಬಂದಿತು. ವಿಚಾರಣೆ ನಡೆದಾಗ ಆಕೆ ಹಿಂದೆ ಇದ್ದ ಮನೆಗಳಲ್ಲಿಯೂ ಹಾಗೆಯೇ ಆಗಿತ್ತೆಂದು ತಿಳಿದುಬಂದಿತು. ತನಗೆ ರೋಗದ ಯಾವ ಲಕ್ಷಣವೂ ಇಲ್ಲದೆ ರೋಗಾಣುಗಳನ್ನು ಹೊತ್ತಿದ್ದ ಆಕೆಯನ್ನು ೧೯೦೭ರಲ್ಲಿ ಒಂದು ದ್ವೀಪದಲ್ಲಿ ಬೇರೆಯಾಗಿ ಇರಿಸಿದರು. ಅಡುಗೆಯ ಕೆಲಸವನ್ನು ಬಿಡುವೆನೆಂದು ಮಾತು ಕೊಟ್ಟ ಮೇಲೆ ೧೯೧೦ರಲ್ಲಿ ಬಿಟ್ಟರು. ಬೇರೆ ಕೆಲಸದಲ್ಲಿ ಸಂಬಳ ಕಡಮೆ. ತಾನು ರೋಗಿಯೆಂಬ ನಂಬಿಕೆಯಂತೂ ಆಕೆಗೆ ಹುಟ್ಟಲೇ ಇಲ್ಲ. ೧೯೧೫ರಲ್ಲಿ ಹೆರಿಗೆಯ ಆಸ್ಪತ್ರೆಯೊಂದರಲ್ಲಿ ಇಪ್ಪತ್ತೈದು ಜನರಿಗೆ ಅದೇ ಜ್ವರ ಬಂದಾಗ, ಅಲ್ಲಿ ಬೇರೆ ಹೆಸರಿನಿಂದ ಅಡುಗೆ ಮಾಡುತ್ತಿದ್ದವಳು ಆಕೆಯೇ ಎಂದು ತಿಳಿಯಿತು. ೧೯೩೮ರಲ್ಲಿ ಸಾಯುವವರೆಗೂ ಆಕೆ ಆ ದ್ವೀಪದಲ್ಲಿಯೇ ಇರಬೇಕಾಯಿತು. ದುಷ್ಟತನವಿಲ್ಲದ, ಕೆಲಸದಲ್ಲಿ ನಿಪುಣಳಾದ ಒಬ್ಬ ಹೆಂಗಸಿಗೆ ಈ ಗತಿ ಬಂದಿತು. ಆಕೆಯ ಅನ್ನವನ್ನು ಉಂಡವರಲ್ಲಿ ಕೆಲವರು ಸತ್ತರು.

೫

ಇನ್ನು ಮನೆಮಾತುಗಳ ವಿಚಾರ. ಕನ್ನಡದ ಅಡುಗೆಮನೆಯಲ್ಲಿ ಎಂಜಲು, ಮುಸುರೆ, ಮಡಿ ಎಂಬ ಮೂರು ಶಬ್ದಗಳು ಬಹಳ ಹಿಂದಿನಿಂದ ಆಳಿವೆ.

ಎಂಜಲೆಂದರೆ ಬಾಯಿಗೆ ತಗುಲಿದ್ದು. ಬಾಯಿಗೆ ತಗುಲಿದ್ದನ್ನು ಮತ್ತೆ ಪಾತ್ರೆಗೆ ಅದ್ದಬಾರದೆಂಬ ವಿಧಿಯು ಬಾಣಸಶಾಲೆಯಲ್ಲಿ ಅಕ್ಷರಶಃ ನಿಲ್ಲುತ್ತದೆ. ನೈವೇದ್ಯದ ಅಡುಗೆಯಲ್ಲಿ ರುಚಿ ನೋಡುವಂತಿಲ್ಲ. ಶಾಲೆಯಲ್ಲಿ ರುಚಿ ನೋಡದೆ ಬಡಿಸುವಂತಿಲ್ಲ. ಆದರೂ ಒಂದು ಚಮಚದಿಂದ ತೆಗೆದು ಇನ್ನೊಂದಕ್ಕೆ ಹಾಕಿಕೊಂಡು ನೋಡಬೇಕು, ನೋಡಿದ ಚಮಚವು ತೊಳೆಯುವ ಕಡೆಗೇ ಹೋಗಬೇಕು. ಈ ನಿಯಮವನ್ನು ಕನ್ನಡದ ವಿದ್ಯಾರ್ಥಿಗೆ ಎಂಜಲೆಂಬ ಒಂದು ಪದದಿಂದ ಹೇಳಿ ಮುಗಿಸಬಹುದು. ಇದಕ್ಕೆ ಸರಿಯಾದ ಪದವು ಬಹು ಭಾಷೆಗಳಲ್ಲಿ ಇಲ್ಲ.

ಮುಸುರೆಯ ವಿಷಯ ಇಷ್ಟು ಸರಳವಲ್ಲ. ಬೆಂದ ಅನ್ನವೂ ಅದು ತಗುಲಿದ ಪಾತ್ರೆಯೂ ಮುಸುರೆ. ಅದನ್ನು ಮುಟ್ಟಿದ ಕೈಯನ್ನು ತೊಳೆಯದೆ ಉಪ್ಪಿನಕಾಯಿ, ತುಪ್ಪ, ಮೊಸರುಗಳನ್ನು ಮುಟ್ಟಬಾರದು. ಬೆಂದು ಹಸಿಯಾಗಿರುವ ಅನ್ನವು ಬೇಗನೆ ಕೆಡುವುದೂ, ತಾನು ತಗುಲಿದ್ದನ್ನು ಕೆಡಿಸುವುದೂ ಅನುಭವಸಿದ್ಧ. ಅಕ್ಕಿಯಲ್ಲಿರುವ ಬ್ಯಾಸಿಲಸ್ ಸೀರಿಯಸ್ ಎಂಬ ಜೀವಾಣುವಿನ ಬೀಜರೂಪವು ಕುದಿತಕ್ಕೂ ಸಾಯದೆ, ಅನ್ನವು ಬೆಚ್ಚಗೆ ಉಳಿದರೆ ಮೊಳೆತು ಬೆಳೆಯುತ್ತದೆಂಬುದು ಇಂದು ತಿಳಿದಿರುವ ಸಂಗತಿ. ಆದಕಾರಣ ಮುಸುರೆಯ ನಿಯಮಕ್ಕೆ ಆಧಾರವಿದೆ. ಆದರೆ ಬಾಣಸಶಾಲೆಯ ಮುಖ್ಯವಾದ ಭೇದದಲ್ಲಿ ದಿಕ್ಕು ತಿರುಗುತ್ತದೆ. ಮನೆಯಲ್ಲಿ ಬೆಂದದ್ದು ದೋಷವನ್ನು ಹರಡುವುದು, ಬೇಯದ್ದು ನಿರ್ದೋಷ. ಶಾಲೆಯಲ್ಲಿ ಬೇಯದ ಮಾಂಸ, ಮೀನು, ಮಣ್ಣು ಹತ್ತಿದ ತರಕಾರಿ ಇವೇ ದೋಷದ ಮೂಲ, ಬೆಂದದ್ದನ್ನು ಅವುಗಳಿಂದ ಕಾಪಾಡಬೇಕು. ಇದಕ್ಕಾಗಿಯೇ ಕೊಯ್ಯುವ ಮಣೆಗಳಿಗೆ ಬಣ್ಣಗಳನ್ನು ಗೊತ್ತುಮಾಡಿದ್ದಾರೆ. ಪ್ರಚಲಿತವಾದ ಒಂದು ಕ್ರಮದಲ್ಲಿ ಹಸಿಯ ಮಾಂಸಕ್ಕೆ ಕೆಂಪು, ಹಸಿಯ ಮೀನಿಗೆ ನೀಲಿ, ಸೊಪ್ಪು ಹಣ್ಣುಗಳಿಗೆ ಹಸಿರು. ಬೇರ್ಪಡಿಸುವ ಬುದ್ಧಿಯು ಎರಡರಲ್ಲಿಯೂ ಒಂದೇ. ಬೇರ್ಪಡಿಸುವ ಗೆರೆಯು ಬೇರೆ. ಇದನ್ನು ತಿಳಿಸದೆ “ಮುಸುರೆಯಂತೆಯೇ” ಎಂದುಬಿಟ್ಟರೆ ವಿದ್ಯಾರ್ಥಿಯು ಅನ್ನದ ಸಟ್ಟುಗವನ್ನು ಎಚ್ಚರಿಕೆಯಿಂದ ತೊಳೆದು, ಹಸಿಯ ಕೋಳಿಯನ್ನು ಕೊಯ್ದ ಚೂರಿಯಿಂದಲೇ ಸೌತೆಕಾಯಿಯನ್ನು ಹೆಚ್ಚಿಯಾನು.

ಮಡಿಯಲ್ಲಿಯಾದರೋ ಭೇದವು ಮೂಲದಲ್ಲಿಯೇ ಇದೆ. ಮಡಿಯ ಆಚಾರದಲ್ಲಿ ಸ್ನಾನ, ಒಗೆದ ಬಟ್ಟೆ, ಕೈಕಾಲು ತೊಳೆಯುವುದು ಮೊದಲಾದ ಒಳ್ಳೆಯ ಅಭ್ಯಾಸಗಳು ಸೇರಿರುವುದು ನಿಜ. ಆದರೆ ಮಡಿಯೆಂಬುದು ಒಮ್ಮೆ ಪಡೆದು ಕಾಯ್ದುಕೊಳ್ಳುವ ಸ್ಥಿತಿ. ಅದು ಕೆಡುವುದು ಹೊರಗಿನವರ ಸ್ಪರ್ಶದಿಂದ. ಮಡಿಯುಟ್ಟವನು ತನ್ನ ಮೂಗನ್ನು ಒರಸಿಕೊಂಡರೆ ಮಡಿ ಕೆಟ್ಟಿತೆಂದು ಯಾರೂ ಹೇಳರು. ಮಡಿಯಲ್ಲದವನು ಸಾಬೂನಿನಿಂದ ಕೈ ತೊಳೆದು ಬಂದು ಮುಟ್ಟಿದರೂ ಕೆಟ್ಟಿತೆನ್ನುವರು. ಶಾಲೆಯ ಶುಚಿತ್ವವು ಇದಕ್ಕೆ ವಿಪರೀತ. ಅದು ಸ್ಥಿತಿಯಲ್ಲ, ಕ್ರಿಯೆ. ಒಂದೊಂದು ಕೆಲಸಕ್ಕೂ ಮತ್ತೆ ಮತ್ತೆ ಹುಟ್ಟಬೇಕಾದದ್ದು. ಅಲ್ಲಿ ಮೊದಲು ಸಂದೇಹಿಸಬೇಕಾದದ್ದು ಎದುರಿಗಿರುವವನನ್ನಲ್ಲ, ತನ್ನನ್ನು. ಒದ್ದೆ ಬಟ್ಟೆಯ ದೃಷ್ಟಾಂತದಿಂದಲೇ ಇದು ಸ್ಪಷ್ಟವಾಗುವುದು. ಮಿಂದು ಹಿಂಡಿ ಉಟ್ಟ ಒದ್ದೆ ಬಟ್ಟೆ ಮಡಿಗೆ ಶ್ರೇಷ್ಠ. ಶಾಲೆಯಲ್ಲಿ ಒದ್ದೆಯಾದ ಕೈವಸ್ತ್ರವು ಜೀವಾಣುಗಳಿಗೆ ನೆಲೆ, ಬಿಸಿ ಪಾತ್ರೆಯನ್ನು ಹಿಡಿದರೆ ಕೈಯನ್ನೂ ಸುಡುವುದು.

ಇನ್ನೊಂದು ಭೇದವು ಇದಕ್ಕಿಂತ ಗುರುತರವಾದದ್ದು. ಮಡಿಯ ಹಿಂದೆ ಜಾತಿಯ ತಾರತಮ್ಯ ನಿಂತಿದೆ. ಭಾರತದ ಸಂವಿಧಾನವು ೧೯೫೦ರಲ್ಲಿ ಜಾರಿಗೆ ಬಂದು ತನ್ನ ೧೭ನೆಯ ಅನುಚ್ಛೇದದಿಂದ ಅಸ್ಪೃಶ್ಯತೆಯನ್ನು ತೊಡೆದುಹಾಕಿತು. ಬಾಣಸಶಾಲೆಯ ಒಂದೇ ಮೇಜಿನ ಮುಂದೆ ಎಲ್ಲ ಕುಲಗಳ ಮಕ್ಕಳೂ ನಿಲ್ಲುತ್ತಾರೆ. ಅಲ್ಲಿ ಅಧ್ಯಾಪಕನು ಮಡಿಯೆಂಬ ಶಬ್ದವನ್ನು ಆಡಿದರೆ ಅದು ಒಬ್ಬ ವಿದ್ಯಾರ್ಥಿಗೆ “ನೀನು ಈಗಾಗಲೇ ಶುದ್ಧನು” ಎಂದೂ, ಪಕ್ಕದವನಿಗೆ “ನೀನು ಎಷ್ಟು ತೊಳೆದರೂ ಅಷ್ಟೇ” ಎಂದೂ ಕೇಳಿಸುವುದು. ಮೊದಲನೆಯವನು ಕೈ ತೊಳೆಯುವುದನ್ನು ಮರೆಯುವನು. ಎರಡನೆಯವನು ತೊಳೆಯುವುದರಲ್ಲಿ ನಂಬಿಕೆಯನ್ನು ಕಳೆದುಕೊಳ್ಳುವನು. ಇಬ್ಬರ ಶಿಕ್ಷಣವೂ ಕೆಟ್ಟಿತು, ಉಣ್ಣುವವನ ಆರೋಗ್ಯವೂ ಕೆಟ್ಟಿತು.

೬

ಹಾಗಾದರೆ ಯಾವ ಪದವನ್ನು ಬಳಸಬೇಕು? ಶೌಚವೆಂಬುದು ಶಾಸ್ತ್ರಗಳಲ್ಲಿ ಪ್ರಸಿದ್ಧವಾದರೂ ಇಂದಿನ ಕನ್ನಡದಲ್ಲಿ ಮಲವಿಸರ್ಜನೆಯ ಅರ್ಥಕ್ಕೆ ಕುಗ್ಗಿಹೋಗಿ ಪಾಕಶಾಲೆಗೆ ಒಗ್ಗದು. ನೈರ್ಮಲ್ಯವೆಂಬುದು ಸ್ಥಳಕ್ಕೂ ನೀರಿಗೂ ಚೆನ್ನಾಗಿ ಹೊಂದುತ್ತದೆ. ಮನುಷ್ಯನ ಕೈಗೆ, ಬಟ್ಟೆಗೆ, ಕೆಲಸಕ್ಕೆ ಶುಚಿಯೆಂಬುದೇ ಉಚಿತ. ಅದು ಸಂಸ್ಕೃತದಿಂದ ಬಂದರೂ ಹಳ್ಳಿಯ ಹೆಂಗಸಿನ ಬಾಯಲ್ಲಿಯೂ ಇರುವ ಪದ. ರುಚಿಯೊಡನೆ ಜೋಡಿಯಾಗಿ ಶುಚಿರುಚಿಯೆಂದು ಒಳ್ಳೆಯ ಅಡುಗೆಗೇ ವಿಶೇಷಣವಾಗಿರುವ ಪದ. ಸುಶ್ರುತಸಂಹಿತೆಯು ಮಹಾನಸಕ್ಕೂ ಪಾತ್ರೆಗೂ ಪರಿಚಾರಕನಿಗೂ ಸಮಾನವಾಗಿ ಬಳಸಿದ ಪದ. ಎಂಜಲನ್ನು ಹಾಗೆಯೇ ಉಳಿಸಿಕೊಳ್ಳಬಹುದು. ಮುಸುರೆಯನ್ನು ಅದರ ಗೆರೆಯನ್ನು ತಿದ್ದಿ ಹೇಳಿದರೆ ಬಳಸಬಹುದು. ಮಡಿಯನ್ನು ಪೂಜಾಗೃಹಕ್ಕೆ ಬಿಟ್ಟುಕೊಡುವುದು ಯುಕ್ತ.

ಪಾರಿಭಾಷಿಕ ಪದಗಳ ಆಯ್ಕೆಯು ನಿಘಂಟುಕಾರರ ವಿನೋದವೆಂದು ತೋರಬಹುದು. ಈ ವಿಷಯದಲ್ಲಿ ಹಾಗಿಲ್ಲ. ಇಂದು ಶಾಲೆಯಲ್ಲಿ ಕಲಿತವನು ನಾಳೆ ಆಸ್ಪತ್ರೆಯಲ್ಲಿ, ವಿದ್ಯಾರ್ಥಿನಿಲಯದಲ್ಲಿ, ಮದುವೆಯ ಮನೆಯಲ್ಲಿ ನೂರಾರು ಜನರಿಗೆ ಬಡಿಸುವನು. ಉಣ್ಣುವವರಿಗೆ ಅವನ ಕೈ ಕಾಣುವುದಿಲ್ಲ. ಆ ಕೈಯನ್ನು ಯಾವಾಗ ತೊಳೆಯಬೇಕೆಂದು ಅವನು ಕಲಿತ ಮಾತು ಸರಿಯಾಗಿದ್ದಿತೇ ಇಲ್ಲವೇ ಎಂಬುದರ ಮೇಲೆ ಅವರ ಕ್ಷೇಮವು ನಿಂತಿರುತ್ತದೆ.